ಮಗಳ ರಕ್ತಪರೀಕ್ಷೆಯ ವರದಿಗಳು ಊರಿಗೊಂದರಂತೆ ಬಂದ ಬಗ್ಗೆ

ಮಾನ್ಯ ಓದುಗರಲ್ಲಿ ಮೊದಲಿಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಬರಹದಲ್ಲಿ ದೀರ್ಘ, ಒತ್ತಕ್ಷರಗಳು ತಪ್ಪಿದ್ದಲ್ಲಿ ಮತ್ತು ನನ್ನ ಅಕ್ಷರಗಳು ಗೆರೆ ಬಿಟ್ಟು ಇಳಿಜಾರಿಗೆ ಸರಿದಿದ್ದಲ್ಲಿ ಮನ್ನಿಸಬೇಕು. ಪಿಯುಸಿ ಎರಡನೇ ವರ್ಷಕ್ಕೆ ಓದು ನಿಲ್ಲಿಸಿದವಳು ನಾನು. ಆ ಮೇಲೆ ಬರೆದದ್ದೆಲ್ಲ ನಮ್ಮೂರ ಮಹಿಳಾ ಸಂಘದ ಪರವಾಗಿ ಪಂಚಾಯತಿಗೆ ಕೊಟ್ಟ ಅರ್ಜಿಗಳು. ನಲ್ಲಿಯಲ್ಲಿ ನೀರು ಬಾರದ ಬಗ್ಗೆ, ಬೀದಿ ದೀಪ ಉರಿಯದ ಬಗ್ಗೆ. ಅರ್ಜಿಯ ಭಾಷೆ ಬಿಟ್ಟು ಬೇರೆ ಭಾಷೆಯಲ್ಲಿ ಬರೆಯುವ ರೂಢಿ ನನಗಿಲ್ಲ. ಆದ್ದರಿಂದ ಮನೆಯೊಳಗಿನ ಸಂಗತಿಯನ್ನೂ ಅದೇ ಕ್ರಮದಲ್ಲಿ ತಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮದು ಹಾನಗಲ್ಲ ತಾಲೂಕಿನಲ್ಲಿ, ಅಕ್ಕಿಆಲೂರಿನಿಂದ ಸ್ವಲ್ಪ ಒಳಗಿರುವ ಹಳ್ಳಿ. ಯಜಮಾನರು ಭತ್ತದ ಗದ್ದೆ ನೋಡಿಕೊಂಡು, ಸುಗ್ಗಿಯಲ್ಲಿ ಅಕ್ಕಿ ಗಿರಣಿಯಲ್ಲಿ ತೂಕದ ಕೆಲಸಕ್ಕೆ ನಿಲ್ಲುತ್ತಾರೆ. ಮನೆಯಲ್ಲಿ ನಾವಿಬ್ಬರು, ಯಜಮಾನರ ತಾಯಿಯಾದ ನನ್ನ ಅತ್ತೆಯವರು, ಮತ್ತು ಈಗ ಹತ್ತು ತುಂಬಿರುವ ನಮ್ಮ ಒಬ್ಬಳೇ ಮಗಳು.

ಹೋದ ವರ್ಷ ಮಾಘ ಮಾಸದಲ್ಲಿ ನನ್ನ ನಾದಿನಿ, ಎಂದರೆ ಯಜಮಾನರ ತಂಗಿ, ಶಿಗ್ಗಾವಿಯಿಂದ ಫೋನು ಮಾಡಿದಳು. ಅವಳು ಸಾಮಾನ್ಯವಾಗಿ ಅಣ್ಣನಿಗೇ ಮಾಡುವವಳು. ನನಗೇ ನೇರವಾಗಿ ಮಾಡಿದ್ದರಿಂದ ನನಗೆ ಆಗಲೇ ಸಂಶಯ ಬಂತು.

"ವೈನಿ, ಬಾಜೂಕ ಯಾರರ ಅದಾರೇನ್ರಿ?" ಎಂದಳು.

"ಯಾರೂ ಇಲ್ಲ. ಹೇಳವ್ವಾ."

"ನನಗ ಥೈರಾಯ್ಡ್ ಐತಂತ್ರಿ. ದಿನಾ ಗುಳಿಗಿ ತಗೋಬೇಕಂತ. ಇದು ವಂಶದಾಗ ಬರೂದಂತ, ಮನ್ಯಾಗಿನ ಹೆಣ್ಮಕ್ಕಳದ್ದೂ ಒಮ್ಮೆ ರಕ್ತ ತಗಿಸ್ರಿ ಅಂದಾರ ಡಾಕ್ಟರು. ನಿಮ್ಮ ಮಗಳದು ತಗಿಸ್ರಿ. ಅವ್ವಗ ಮಾತ್ರ ಹೇಳಬ್ಯಾಡ್ರಿ."

ತಾಯಿಗೆ ಏಕೆ ಹೇಳಬಾರದು ಎಂದು ಕೇಳಿದೆ. "ಆಕೀಗೆ ಆ ಮಾತು ಸೇರೂದಿಲ್ಲ" ಎಂದು ಇಟ್ಟುಬಿಟ್ಟಳು.

ಆ ಫೋನನ್ನು ನಾನು ನಾಲ್ಕು ದಿನ ತಿರುವಿ ಹಾಕಿದೆ. ನಮ್ಮ ಕಡೆಯಲ್ಲಿ ಸೋದರತ್ತೆಯ ಮಗನಿಗೆ ಹುಡುಗಿಯನ್ನು ಕೊಡುವ ರೂಢಿ ಇದೆ. ನಾದಿನಿಗೆ ಒಬ್ಬ ಮಗನಿದ್ದಾನೆ. ಮಕ್ಕಳಿನ್ನೂ ಶಾಲೆಯಲ್ಲಿದ್ದರೂ, ಮನೆಗೆ ಬಂದಾಗಲೆಲ್ಲ ಅವಳು ನನ್ನ ಮಗಳ ಜಡೆ ಹಿಡಿದು "ನಮ್ಮನಿ ಸೊಸಿ" ಎಂದು ಚೇಷ್ಟೆ ಮಾಡುವವಳು. ಆ ಚೇಷ್ಟೆ ನನಗೆ ಹಿಡಿಸುತ್ತಿರಲಿಲ್ಲ. ಆದರೆ ಈಗ ಅವಳೇ ನನ್ನ ಮಗಳಲ್ಲಿ ಕಾಯಿಲೆ ಹುಡುಕುತ್ತಿದ್ದಾಳೆ ಎಂದರೆ, ಮುಂದೆ ಆ ಮಾತಿನಿಂದ ಹಿಂದೆ ಸರಿಯಲು ಒಂದು ಕಾಗದವನ್ನು ಈಗಿನಿಂದಲೇ ತಯಾರು ಮಾಡುತ್ತಿರಬಹುದೇ ಎಂದು ಎಣಿಸಿದೆ. ಒಲ್ಲದ ಸಂಬಂಧ ತಪ್ಪುತ್ತದೆಂದು ಸಮಾಧಾನವಾಗುವ ಬದಲು ಸಿಟ್ಟು ಬಂತು.

ಆದರೂ ಅವಳ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಅದರ ಹಿಂದಿನ ವರ್ಷ ಮಳೆಗಾಲದಲ್ಲಿ ಮಗಳು ತುಂಬ ಮಂಕಾಗಿದ್ದಳು. ಹೊರಗೆ ಬೆವರುವ ಸೆಕೆಯಲ್ಲೂ ಸ್ವೆಟರ್ ಬೇಡುತ್ತಿದ್ದಳು, ಕೂದಲು ಬಾಚಣಿಗೆಯಲ್ಲಿ ಉಳಿಯುತ್ತಿತ್ತು. ಶಾಲೆಯ ಅಕ್ಕೋರು ನನ್ನನ್ನು ಕರೆಸಿ, "ಹುಡುಗಿ ಬೆಂಚಿನ ಮ್ಯಾಲ ಕುಂತಲ್ಲೇ ತೂಕಡಸ್ತೈತ್ರಿ. ಮನ್ಯಾಗ ನಿದ್ದಿ ಮಾಡಸ್ತೀರೋ ಇಲ್ಲೋ?" ಎಂದಿದ್ದರು. ದೀಪಾವಳಿಯ ಹೊತ್ತಿಗೆ ತಾನಾಗಿಯೇ ಚುರುಕಾದಳು. ತಾನಾಗಿಯೇ ಎಂದು ಆಗ ತಿಳಿದಿದ್ದೆ.

ಮೊದಲನೆಯ ಪರೀಕ್ಷೆ ಹಾನಗಲ್ಲದಲ್ಲಿ ನಡೆಯಿತು. ಬರಿ ಹೊಟ್ಟೆಯಲ್ಲಿ ಕರೆದುಕೊಂಡು ಬರಲು ಹೇಳಿದ್ದರು. ಅತ್ತೆಯವರಿಗೆ "ರಕ್ತ ಕಡಿಮಿ ಐತೇನೋ ನೋಡಸ್ತೇನ್ರಿ" ಎಂದಷ್ಟೇ ತಿಳಿಸಿದ್ದೆ. ಅವರು ಬೆಳಿಗ್ಗೆ ದೇವರ ಕೋಣೆಯಿಂದಲೇ ಕೂಗಿ ಹೇಳಿದರು: "ಪ್ರಸಾದ ತಗೊಳ್ದ ಕೂಸನ್ನ ಸೂಜಿಗೆ ಒಯ್ತೀಯೇನು? ಇಲ್ಲಿ ಕಳಸು."

ಇಲ್ಲಿ ಒಂದು ವಿವರ ದಾಖಲಿಸಬೇಕು. ಅತ್ತೆಯವರು ಲಿಂಗಪೂಜೆಯಾಗುವ ತನಕ ಬಾಯಿಗೆ ನೀರನ್ನೂ ಹಾಕುವವರಲ್ಲ. ನಸುಕಿನಲ್ಲಿ ಮಿಂದು ದೇವರ ಕೋಣೆ ಹೊಕ್ಕು ಬಾಗಿಲು ಮುಂದೆ ಮಾಡಿದರೆ ಮುಕ್ಕಾಲು ತಾಸು ಹೊರಗೆ ಬರುತ್ತಿರಲಿಲ್ಲ. ಕೆಲವು ತಿಂಗಳಿಂದ ಮೊಮ್ಮಗಳನ್ನೂ ಒಳಗೆ ಕೂರಿಸಿಕೊಳ್ಳುತ್ತಿದ್ದರು. ಪೂಜೆ ಮುಗಿದ ಮೇಲೆ ಹಿತ್ತಾಳೆಯ ವಿಭೂತಿ ಡಬ್ಬಿಯಿಂದ ಚೂರು ವಿಭೂತಿಯನ್ನು ಅವಳ ನಾಲಿಗೆಯ ಮೇಲಿಟ್ಟು, ಪಾದೋದಕದ ಬಟ್ಟಲನ್ನು ಬಾಯಿಗೆ ಹಿಡಿಯುತ್ತಿದ್ದರು. ವಿಭೂತಿ ತಿನ್ನುವುದು ನಮ್ಮಲ್ಲಿ ಹೊಸದೇನಲ್ಲ. ಹೊಟ್ಟೆನೋವಿಗೂ ಕೊಡುತ್ತಾರೆ, ಭಯಕ್ಕೂ ಕೊಡುತ್ತಾರೆ. ಬೂದಿ ತಿಂದರೆ ಉಪವಾಸ ಕೆಡಲಾರದೆಂದು ಕಳಿಸಿಕೊಟ್ಟೆ.

ಹಾನಗಲ್ಲದಲ್ಲಿ ಚೀಟಿ ಬರೆದುಕೊಳ್ಳುತ್ತಿದ್ದ ಹೆಂಗಸು ಒಂದು ಕಾಗದ ನೀಡಿ ತುಂಬಲು ಹೇಳಿದಳು. ಅದರಲ್ಲಿ ಮನೆತನದಲ್ಲಿ ಯಾರಿಗಾದರೂ ಈ ತೊಂದರೆ ಇದೆಯೇ ಎಂಬ ಕಾಲಂ ಇತ್ತು. ನಾದಿನಿಯ ವಿಷಯ ನನಗೆ ಗೊತ್ತಿತ್ತು. ಆದರೆ ಆ ಹೆಂಗಸಿನ ಮಾತಿನ ಧಾಟಿ ನಮ್ಮ ಪಕ್ಕದ ಹಳ್ಳಿಯದರಂತೆ ಕೇಳಿಸಿತು. ಇಲ್ಲಿ ಬರೆದದ್ದು ಸಂಜೆಯ ಬಸ್ಸಿನಲ್ಲಿ ನನಗಿಂತ ಮೊದಲು ಊರು ಮುಟ್ಟಬಹುದೆಂದು ಅನುಮಾನಿಸಿ, ಆ ಕಾಲಂನಲ್ಲಿ ದುಂಡಗೆ "ಇಲ್ಲ" ಎಂದು ಬರೆದೆ.

ವರದಿಯಲ್ಲಿ ಎಲ್ಲವೂ ಮಿತಿಯೊಳಗಿತ್ತು. ನಾದಿನಿಗೆ ಫೋನು ಮಾಡಿ, ಸ್ವಲ್ಪ ಗಟ್ಟಿಯಾಗಿಯೇ, "ನನ್ನ ಮಗಳಿಗೆ ಏನೂ ಇಲ್ಲವ್ವಾ" ಎಂದು ತಿಳಿಸಿದೆ.

ಏಪ್ರಿಲ್ ಮೇ ರಜೆಗೆ ಮಗಳನ್ನು ಕರೆದುಕೊಂಡು ತವರಿಗೆ ಹೋದೆ. ನನ್ನ ತವರು ಹಿರೇಕೆರೂರಿನ ಕಡೆ, ರಟ್ಟೀಹಳ್ಳಿಗೆ ಹತ್ತಿರ. ಎರಡು ತಿಂಗಳು ಅಲ್ಲಿದ್ದೆವು. ಮೊದಲ ಮೂರು ವಾರ ಮಗಳು ನೆಟ್ಟಗಿದ್ದಳು. ಆಮೇಲೆ ದಿನೇದಿನೇ ಹಳೆಯ ಮಂಕು ತಿರುಗಿ ಬಂತು. ಮೇ ತಿಂಗಳ ಮಧ್ಯಾಹ್ನ ಕೌದಿ ಹೊದ್ದು ಮಲಗತೊಡಗಿದಳು. ನನ್ನ ತಾಯಿ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಇದೇನ ಯವ್ವಾ, ಕೂಸಿನ ಮಾರಿ ಬಾತೈತಲ್ಲ. ನೀ ನೋಡಿಲ್ಲೇನು?" ಎಂದರು.

ಮರುದಿನ ಮೂವರೂ ಹಿರೇಕೆರೂರಿಗೆ ಹೋಗಿ ರಕ್ತ ಕೊಟ್ಟೆವು. ಅಲ್ಲಿಯೂ ಅದೇ ಕಾಲಂ ಇತ್ತು. ಈ ಸಾರಿ ತಾಯಿ ಪಕ್ಕದಲ್ಲೇ ಕುಳಿತಿದ್ದರು. ಗಂಡನ ಮನೆಯಲ್ಲಿ ಈ ಕಾಯಿಲೆ ಇದೆ ಎಂದು ಬರೆದರೆ, ಎಂಥ ಮನೆಗೆ ಕೊಟ್ಟೆವೆಂದು ಅವರು ದಾರಿಯುದ್ದಕ್ಕೂ ಮರುಗುವವರು. "ಇಲ್ಲ" ಎಂದೇ ಬರೆದೆ. ಸಂಜೆ ಬಂದ ವರದಿಯಲ್ಲಿ ಒಂದು ಅಂಕಿಯ ಪಕ್ಕ ಎಚ್ ಎಂಬ ಇಂಗ್ಲಿಷ್ ಅಕ್ಷರವನ್ನು ದಪ್ಪಗೆ ಒತ್ತಿದ್ದರು. ಅಂಕಿ ಮಿತಿ ಮೀರಿದೆ ಎಂಬುದರ ಗುರುತು ಅದು.

"ನಮ್ಮ ವಂಶದಾಗ ಇಲ್ಲಪಾ ಇಂಥಾದ್ದು," ಎಂದು ತಾಯಿ ಬಸ್ಸು ಬರುವ ಮೊದಲೇ ತೀರ್ಪು ಕೊಟ್ಟರು. "ಅವರ ಕಡೆಯಿಂದ ಬಂದದ್ದು. ನಿಮ್ಮತ್ತಿ ಕುತ್ತಿಗಿ ಯಾರರ ನೋಡೀರೇನು? ಲಗ್ನದಾಗ ನಾ ನೋಡೇನಿ. ಊಟಕ್ಕ ಕುಂತಾಗೂ ಕೊರಳ ತುಂಬ ಆ ಟೀಕಿ. ಮ್ಯಾಲ ಸೆರಗು ಬ್ಯಾರೆ."

ಟೀಕಿ ಎಂದರೆ ಕುತ್ತಿಗೆಗೆ ಅಂಟಿದಂತೆ ಕಟ್ಟುವ ಚಿನ್ನದ ಪಟ್ಟಿ. ಹಬ್ಬ ಮದುವೆಗಳಿಗೆ ಎಲ್ಲರೂ ಕಟ್ಟುತ್ತಾರೆ. ಅತ್ತೆಯವರು ಮಾತ್ರ ದಿನವೂ ಕಟ್ಟುವವರು. ಗದ್ದೆಗೆ ಬುತ್ತಿ ಒಯ್ಯುವಾಗಲೂ ಅದು ಅವರ ಕೊರಳಲ್ಲಿರುತ್ತಿತ್ತು. ಹದಿಮೂರು ವರ್ಷ ಒಂದೇ ಮನೆಯಲ್ಲಿದ್ದು, ಅವರ ಬರಿಗೊರಳನ್ನು ನಾನು ಒಮ್ಮೆಯೂ ಕಂಡಿಲ್ಲವೆಂಬುದು ಆ ಬಸ್ ನಿಲ್ದಾಣದಲ್ಲಿ ನನ್ನ ಗಮನಕ್ಕೆ ಬಂತು.

ಊರಿಗೆ ಮರಳಿದ ಮೇಲೆ ಎರಡೂ ವರದಿಗಳನ್ನು ಯಜಮಾನರ ಮುಂದೆ ಇಟ್ಟೆ. ಅವರು ಎರಡನ್ನೂ ತೂಕದ ಚೀಟಿ ನೋಡುವ ಹಾಗೆ ದೂರ ಹಿಡಿದು ನೋಡಿದರು.

"ಹಿರೇಕೆರೂರಿನ ಮಷೀನು ನಿಮ್ಮವ್ವನ ಮಾತು ಕೇಳತೈತಿ ನೋಡು" ಎಂದರು.

"ಹಂಗಾರ ಹಾನಗಲ್ಲದ್ದು ನಿಮ್ಮವ್ವನ ಮಾತು ಕೇಳತೈತೇನ್ರಿ?"

"ಕೇಳಿದ್ರ ಕೇಳಲೇಳು. ಮಿತಿ ಒಳಗಂತೂ ಐತಿ."

ನಾವು ಜಗಳದಲ್ಲಿ ಆಡಿದ ಆ ಎರಡು ಮಾತುಗಳಲ್ಲಿ ಒಂದು ಅಕ್ಷರಶಃ ನಿಜವಾಗಿತ್ತು. ಯಾವುದೆಂದು ಗೊತ್ತಾಗಲು ಇನ್ನೂ ಮೂರು ತಿಂಗಳು ಬೇಕಾದವು.

ಪುನಃ ಪರೀಕ್ಷೆ ಮಾಡಿಸಬೇಕೆಂದು ನಾನು ಹಟ ಹಿಡಿದರೂ, ನಾಟಿಯ ಕೆಲಸ, ಶಾಲೆಯ ಆರಂಭ ಎಂದು ದಿನಗಳು ಸರಿದವು. ಅಷ್ಟರಲ್ಲಿ ಮಗಳು ಮತ್ತೆ ಚುರುಕಾದಳು. ಶ್ರಾವಣದಲ್ಲಿ ಶಿಗ್ಗಾವಿಗೆ ಹೋಗಿ, ನಾದಿನಿ ತೋರಿಸಿಕೊಳ್ಳುವ ಕಡೆಯಲ್ಲೇ ಮೂರನೆಯ ಬಾರಿ ರಕ್ತ ಕೊಡಿಸಿದೆ. ಅಲ್ಲಿಯೂ ಕಾಲಂ ಇತ್ತು. ನಾದಿನಿ ತನ್ನ ಫೈಲು ಹಿಡಿದು ಎದುರಿನ ಬೆಂಚಿನಲ್ಲೇ ಕುಳಿತಿದ್ದಳು. ಅವಳು ನೋಡುತ್ತಿರುವಂತೆಯೇ ನಾನು ಮೂರನೆಯ ಬಾರಿಗೆ "ಇಲ್ಲ" ಎಂದು ಬರೆದೆ. ಅವಳು ಕೈಯಲ್ಲಿದ್ದ ಫೈಲನ್ನು ಮಗುಚಿ ಹಿಡಿದಳು.

ಶಿಗ್ಗಾವಿಯ ವರದಿ ಮತ್ತೆ ಮಿತಿಯೊಳಗೆ ಬಂತು.

"ವೈನಿ, ನಿಮ್ಮ ಮಗಳ ರಕ್ತ ನಿಮ್ಮಂಗ ಐತ್ರಿ. ಊರಿಗೊಂದು ಮಾತು ಆಡತೈತಿ," ಎಂದು ನಾದಿನಿ ನಕ್ಕಳು. ನನಗೆ ನಗು ಬರಲಿಲ್ಲ. ಹಾನಗಲ್ಲದ ತುಂಬ ಯಜಮಾನರ ಬಂಧುಗಳು; ಹಿರೇಕೆರೂರು ನನ್ನ ತವರಿನವರದು; ಶಿಗ್ಗಾವಿ ನಾದಿನಿಯದು. ಮೊದಲೆರಡು ವರದಿಗಳು ಆಯಾ ಊರಿನವರಿಗೆ ಬೇಕಾದಂತೆ ಬಂದಿದ್ದವು, ಶಿಗ್ಗಾವಿಯದು ಮಾತ್ರ ನನ್ನ ಲೆಕ್ಕಕ್ಕೆ ಸಿಗಲಿಲ್ಲ. ನಮ್ಮವರು ಯಾರೂ ಇಲ್ಲದ ಊರು ಬೇಕೆಂದು ಯೋಚಿಸಿದಾಗ ಸವಣೂರು ಹೊಳೆಯಿತು. ಅತ್ತೆಯವರಿಗೆ ಬೇಕಾದ ವೀಳ್ಯದೆಲೆ ಅಲ್ಲಿಂದ ಬರುತ್ತದೆಂಬುದನ್ನು ಬಿಟ್ಟರೆ ಆ ಊರಿಗೂ ನಮಗೂ ಸಂಬಂಧವಿರಲಿಲ್ಲ. ಮಕ್ಕಳ ವೈದ್ಯೆಯೊಬ್ಬರು ಅಲ್ಲಿ ವಾರಕ್ಕೆರಡು ದಿನ ಕೂರುತ್ತಾರೆಂದು ಸಂಘದ ಸದಸ್ಯೆಯೊಬ್ಬರು ಹೇಳಿದ್ದರು. ಮಗಳನ್ನು ಕರೆದುಕೊಂಡು ಒಬ್ಬಳೇ ಹೊರಟೆ.

ವೈದ್ಯೆಯವರು ಮೂರೂ ವರದಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡರು. ನಾನು ಯಂತ್ರಗಳ ಬಗ್ಗೆ, ಸೀಸೆ ಅದಲುಬದಲಾಗುವ ಬಗ್ಗೆ ನನ್ನ ಸಂಶಯಗಳನ್ನೆಲ್ಲ ಹೇಳಿ ಮುಗಿಸುವ ತನಕ ಕೇಳಿಸಿಕೊಂಡರು.

"ಮಷೀನು ಸ್ವಲ್ಪ ಹಿಂದಮುಂದ ಆಗತಾವ್ರಿ, ಇಷ್ಟು ಅಲ್ಲ," ಎಂದರು. "ಈ ನಡುವಿನ ರಿಪೋರ್ಟ್ ಬಂದಾಗ ಕೂಸು ಎಲ್ಲಿತ್ತು?"

"ನಮ್ಮ ತವರಮನ್ಯಾಗ್ರಿ. ಎರಡು ತಿಂಗಳು."

"ಉಳಿದೆರಡಕ್ಕ?"

"ನಮ್ಮನ್ಯಾಗ."

"ನಿಮ್ಮನ್ಯಾಗ ಏನರ ಔಷಧ ನಡದೈತೇನು?"

ನನಗೆ ಅವಮಾನವಾದಂತಾಯಿತು. "ಏನೂ ಇಲ್ರಿ ಮೇಡಂ. ಔಷಧ ಕೊಟ್ಟು ಇಲ್ಲಂತ ಹೇಳೋ ಮಂದಿ ಅಲ್ಲ ನಾವು" ಎಂದೆ.

ಅಷ್ಟರಲ್ಲಿ ಮಗಳು ಮೇಜಿನ ಅಂಚಿನಲ್ಲಿದ್ದ ಒಂದು ಸಣ್ಣ ಬಿಳಿಯ ಪ್ಲಾಸ್ಟಿಕ್ ಸೀಸೆಯನ್ನು ಕೈಗೆತ್ತಿಕೊಂಡಳು. ನಮಗಿಂತ ಮೊದಲು ಒಳಗೆ ಬಂದಿದ್ದವರಿಗೆ ತೋರಿಸಲು ಇಟ್ಟದ್ದಿರಬೇಕು. "ಯವ್ವಾ, ಇದು ನನ್ನ ಕಡೆ ಅದಾವಲ್ಲ, ಅದ," ಎಂದಳು. "ನನ್ನ ಅಡಗಿ ಆಟದ ಡಬ್ಬಿ. ಆದರ ನನ್ನವಕ್ಕ ಕಾಗದ ಇಲ್ಲ. ಆಯಿ ಕೆರದು ಕೊಡ್ತಾಳ."

ಮಗಳು ಅಜ್ಜಿಗೆ ಆಯಿ ಎನ್ನುತ್ತಾಳೆ. ವೈದ್ಯೆಯವರು ನನ್ನ ಮುಖ ನೋಡಿದರು. ಸೀಸೆಯ ಮೇಲಿನ ಕಾಗದವನ್ನು ನನ್ನ ಕಡೆ ತಿರುಗಿಸಿದರು. ಅದು ಥೈರಾಯ್ಡಿನ ಗುಳಿಗೆಯ ಸೀಸೆ.

"ಎಷ್ಟು ಅದಾವ ತಂಗಿ, ನಿನ್ನ ಕಡೆ?" ಎಂದು ಮಗಳನ್ನು ಕೇಳಿದರು.

"ಹನ್ನೊಂದ್ರಿ. ಒಂದರಾಗ ಸಾಸಿವಿ, ಒಂದರಾಗ ರವಾ, ಒಂದರಾಗ ಬಟನ್."

ಆ ಸೀಸೆಗಳು ಮೂರ್ನಾಲ್ಕು ವರ್ಷಗಳಿಂದ ನನ್ನ ಕಾಲಿಗೆ ತೊಡರುತ್ತಿದ್ದವು. ಕಸ ಗುಡಿಸುವಾಗ ನಾನೇ ಅವನ್ನು ಎತ್ತಿ ಬುಟ್ಟಿಗೆ ಹಾಕುತ್ತಿದ್ದೆ. ಯಂತ್ರವನ್ನು, ತಾಯಿಯನ್ನು, ನಾದಿನಿಯನ್ನು ಸಂಶಯಿಸಿದವಳು ಬುಟ್ಟಿಯನ್ನು ಒಮ್ಮೆಯೂ ಸಂಶಯಿಸಿರಲಿಲ್ಲ.

ಬಸ್ಸಿನಲ್ಲಿ ಮಗಳನ್ನು ಹೆಚ್ಚು ಕೇಳಲಿಲ್ಲ. ಕೇಳಿದರೆ ಅವಳು ಅಜ್ಜಿಗೆ ಹೇಳಿ, ಎಚ್ಚರವಾದಾರೆಂಬ ಎಣಿಕೆ. ಮರುದಿನ ಬೆಳಿಗ್ಗೆ ದೇವರ ಕೋಣೆಯ ಬಾಗಿಲಿನ ಹೊರಗೆ, ಹೂವು ಕಟ್ಟುವ ನೆಪ ಮಾಡಿಕೊಂಡು ಕುಳಿತೆ. ಒಳಗಿನಿಂದ ಮಂತ್ರ ಕೇಳಿಸಿತು. ಅದು ನಿಂತ ಮೇಲೆ ಅಡಕತ್ತರಿಯ ಸದ್ದು ಬಂತು. ಒಂದೇ ಸಾರಿ, ಕಟ್ ಎಂದು. ಈ ಸದ್ದು ನನಗೆ ಹಳೆಯದು. ಪೂಜೆಗೆ ಇಟ್ಟ ಅಡಿಕೆ ಹೋಳು ಮಾಡುತ್ತಾರೆಂದು ತಿಳಿದಿದ್ದೆ. ಆದರೆ ಅಡಿಕೆಯನ್ನು ಯಾರೂ ಒಂದೇ ಏಟಿಗೆ ಬಿಡುವುದಿಲ್ಲ.

ಬಾಗಿಲು ತಳ್ಳಿ ಒಳಗೆ ಹೋದೆ. ಮಗಳು ನಾಲಿಗೆ ಚಾಚಿ ಕುಳಿತಿದ್ದಳು. ಅತ್ತೆಯವರ ಬೆರಳ ತುದಿಯಲ್ಲಿ ವಿಭೂತಿ ಮೆತ್ತಿದ ಬಿಳಿಯ ಚೂರಿತ್ತು. ನಾನು ಕೈ ಚಾಚಿದೆ. ಅವರು ಅದನ್ನು ನನ್ನ ಅಂಗೈಯಲ್ಲಿಟ್ಟರು. ಉಜ್ಜಿದೆ. ಬೂದಿ ಉದುರಿ ಅರ್ಧ ಗುಳಿಗೆ ಉಳಿಯಿತು.

"ಏನ್ರಿ ಅತ್ತೀ ಇದು?"

"ಕಾಣತೈತಲ್ಲ."

"ವಿಭೂತಿ ಅಂತ ಹೇಳಿದ್ರಿ ನನಗ."

"ವಿಭೂತಿ ಹಚ್ಚೇ ಕೊಟ್ಟೇನಲ್ಲ. ಸುಳ್ಳು ಹೇಳಿಲ್ಲ." ಆಮೇಲೆ ಮಗಳಿಗೆ, "ಹೋಗವ್ವಾ, ಆಕಳಿಗೆ ಹುಲ್ಲು ಹಾಕ್ಯಾನೇನು ನೋಡು ನಿಮ್ಮಪ್ಪ" ಎಂದು ಹೇಳಿ ಅವಳನ್ನು ಹೊರಗೆ ಕಳಿಸಿದರು.

ಅವರು ಹೇಳಿದ್ದರ ಸಾರಾಂಶ ಹೀಗಿದೆ. ಹರೆಯದಲ್ಲಿ ಅವರ ಕುತ್ತಿಗೆಯಲ್ಲಿ ಗಂಟು ಎದ್ದಿತ್ತು. ಹುಬ್ಬಳ್ಳಿಗೆ ಒಯ್ದು ತೆಗೆಸಿದರು. ಅಂದಿನಿಂದ ಗುಳಿಗೆ. ಗಾಯದ ಗುರುತು ಕಾಣಬಾರದೆಂದು ಅವರ ತಾಯಿ ತಮ್ಮ ಟೀಕಿಯನ್ನು ಬಿಚ್ಚಿ ಮಗಳಿಗೆ ಕಟ್ಟಿದರು. ಅಕ್ಕಿಆಲೂರಿನ ಸಂತೆಗೆ ಎಲೆ ಅಡಿಕೆ ತರುವ ನೆಪದಲ್ಲಿ ಹೋಗಿ, ಔಷಧ ಅಂಗಡಿಯಿಂದ ಸೀಸೆ ತಂದು, ಗುಳಿಗೆಗಳನ್ನು ವಿಭೂತಿ ಡಬ್ಬಿಯಲ್ಲಿ ಸುರಿದು, ಸೀಸೆಯ ಕಾಗದ ಕೆರೆದು ತೊಳೆದು ಇಡುವುದು ಅವರ ಪದ್ಧತಿ. ಬರಿ ಹೊಟ್ಟೆಯಲ್ಲಿ ನುಂಗಬೇಕೆಂದು ಹೇಳಿದ್ದರಿಂದ ಪಾದೋದಕದ ಜೊತೆಗೇ ನುಂಗುತ್ತಾ ಬಂದಿದ್ದರು.

"ನಿಮ್ಮ ಮಗಗ ಗೊತ್ತೈತೇನ್ರಿ?"

"ಗಂಟು ತಗಿಸಿದ್ದು ಗೊತ್ತು. ಗುಳಿಗಿ ಗೊತ್ತಿಲ್ಲ. ಗಂಡಸರು ಮನ್ಯಾಗಿನ ಡಬ್ಬಿ ತಗದು ನೋಡೂದಿಲ್ಲ."

"ಕೂಸಿಗೆ ಯಾಕ ಕೊಟ್ರಿ? ಡಾಕ್ಟರ್ ಹೇಳಿದ್ರೇನು?"

"ಡಾಕ್ಟರ್ ಯಾಕ ಬೇಕು. ಸೆಕಿಯಾಗ ಸ್ವೆಟರ್ ಕೇಳತಿತ್ತು. ನಾನೂ ಹಂಗ ಕೇಳತಿದ್ದೆ. ನನಗ ಒಂದು ಗುಳಿಗಿ, ಅದು ನನ್ನ ಅರ್ಧಾ ಐತಿ, ಅದಕ್ಕ ಅರ್ಧಾ ಗುಳಿಗಿ."

"ಮೂರು ಸರ್ತಿ ರಕ್ತ ತಗಿಸೇನಿ ನಾನು. ಎರಡು ಸರ್ತಿ ಏನೂ ಇಲ್ಲಂತ ಬಂತು. ಹೆಚ್ಚುಕಡಿಮಿ ಆಗಿದ್ರ ಏನು ಮಾಡತಿದ್ರಿ? ನನಗ ಒಂದು ಮಾತು ಹೇಳಬೇಕಿಲ್ಲೇನು?"

"ನಿನಗ ಹೇಳಿದ್ರ ನೀ ಬರೀತಿದ್ದಿ. ಅರ್ಜಿ ಬರಿಯೋ ಕೈ ನಿಂದು. ಬರದದ್ದು ಆಮ್ಯಾಲ ಅಳಸಾಕ ಬರೂದಿಲ್ಲ." ಅವರು ಡಬ್ಬಿಯ ಮುಚ್ಚಳ ಹಾಕಿದರು. "ಆದರ ನೀನೂ ಬರದಿಲ್ಲ ಬಿಡು. ಮೂರೂ ಕಡೆ ಇಲ್ಲ ಅಂತ ಬರದೀ. ಕೂಸಿನ ಕೈಲೆ ಓದಿಸೇನಿ."

ಆ ಕಾಗದಗಳ ಪ್ರತಿಗಳನ್ನು ನಾನು ವರದಿಗಳಿಗೆ ಹೊಂದಿಸಿ ಪಿನ್ನು ಹಾಕಿ ಕಪಾಟಿನಲ್ಲಿಟ್ಟಿದ್ದೆ. ಅವರ ಮೇಲೆ ಹೊರಿಸಬೇಕೆಂದು ತಂದಿದ್ದ ಮಾತುಗಳೆಲ್ಲ ಅರ್ಧಕ್ಕೇ ನಿಂತವು. ಹಾಗೆಂದು ಸಿಟ್ಟು ಇಳಿಯಲಿಲ್ಲ. ನನ್ನ ಮಗಳಿಗೆ ಕಾಯಿಲೆ ಇದೆಯೋ, ಇಲ್ಲವೋ, ಇದ್ದರೆ ಎಷ್ಟು ಎಂಬುದನ್ನು ಒಂದು ವರ್ಷದ ಮೇಲೂ ಯಾರೂ ಹೇಳಲಾರದ ಹಾಗೆ ಆಗಿತ್ತು. ಅದಕ್ಕೆ ಹೊಣೆ ಒಬ್ಬರಲ್ಲ, ಇಬ್ಬರು.

ಸವಣೂರಿನ ವೈದ್ಯೆಯವರಿಗೆ ಫೋನಿನಲ್ಲಿ ಎಲ್ಲವನ್ನೂ ತಿಳಿಸಿದೆ. ಮಗಳಿಗೆ ಆ ಗುಳಿಗೆ ಪೂರ್ತಿ ನಿಲ್ಲಿಸಿ, ಆರು ವಾರ ಬಿಟ್ಟು ಕರೆತರಲು, ಅಜ್ಜಿಯನ್ನೂ ಜೊತೆಗೆ ತರಲು ಹೇಳಿದರು. ನಡುವೆ ಹುಡುಗಿ ತೀರ ಸೊರಗಿದರೆ ಕಾಯಬಾರದೆಂದೂ ಹೇಳಿದರು.

ಯಜಮಾನರಿಗೆ ವಿಷಯ ಹೇಳಿದಾಗ ಅವರು ಮಗಳ ಬುಟ್ಟಿಯಿಂದ ಒಂದು ಸೀಸೆ ತೆಗೆದು ತಿರುಗಿಸಿ ನೋಡಿದರು. "ಸಾಸಿವಿ ಡಬ್ಬಿ ಅಂದ್ಕೊಂಡಿದ್ದೆ" ಎಂದಷ್ಟೇ ಹೇಳಿ ಗದ್ದೆಗೆ ಹೋದರು.

ಆ ಆರು ವಾರ ನಾನು ಮನೆಯಲ್ಲಿ ಪೊಲೀಸರ ಹಾಗಿದ್ದೆ. ಅತ್ತೆಯವರು ಮೊದಲ ದಿನವೇ ವಿಭೂತಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಗುಳಿಗೆಗಳನ್ನು ಬೇರೆ ತೆಗೆದು ನನ್ನ ಟ್ರಂಕಿನಲ್ಲಿ ಕೀಲಿ ಹಾಕಿಟ್ಟೆ. ಅವರು ಪ್ರತಿದಿನ ಪೂಜೆ ಮುಗಿಸಿ, ಪಾದೋದಕದ ಬಟ್ಟಲು ಹಿಡಿದು ಹಸಿಕೂದಲಲ್ಲೇ ನನ್ನ ಬಳಿ ಬಂದು ನಿಂತು, "ನನ್ನ ಪಾಲಿಂದು ಕೊಡು" ಎಂದು ಕೈಯೊಡ್ಡುತ್ತಿದ್ದರು. ಒಂದೇ ಕೊಡುತ್ತಿದ್ದೆ. ಅವರು ನನ್ನೆದುರಿಗೇ ನುಂಗಿ ಬಾಯಿ ತೆರೆದು ತೋರಿಸುತ್ತಿದ್ದರು. ನಾನು ಕೇಳದಿದ್ದರೂ ತೋರಿಸುತ್ತಿದ್ದರು. ಸಂತೆಯ ದಿನ ಅವರ ಎಲೆ ಅಡಿಕೆಯ ಚೀಲವನ್ನು ನಾನು ಕಣ್ಣಿನಲ್ಲೇ ತಡಕುತ್ತಿದ್ದುದು ಅವರಿಗೆ ಕಂಡಿತು.

"ಸೀರಿ ಝಾಡಿಸಿ ತೋರಸ್ಲೇನು?" ಎಂದರು.

"ಬ್ಯಾಡ್ರಿ."

"ನೋಡಿ ಬಿಡು. ನಿನಗೂ ನಿದ್ದಿ ಬರತೈತಿ."

ನಾಲ್ಕನೆಯ ವಾರಕ್ಕೆ ಮಗಳು ಮಂಕಾಗತೊಡಗಿದಳು. ಸ್ವೆಟರ್ ಹೊರಗೆ ಬಂತು. ಅವಳು ತಟ್ಟೆಯ ಮುಂದೆ ತೂಕಡಿಸುವಾಗ ಅತ್ತೆಯವರು ಊಟ ಬಿಟ್ಟು ಎದ್ದುಹೋಗುತ್ತಿದ್ದರು. ಒಂದು ಮಧ್ಯಾಹ್ನ ಹಿತ್ತಲಲ್ಲಿ ನನಗೆ ಬೆನ್ನು ತಿರುಗಿಸಿ ನಿಂತು, "ಆರು ವಾರ ಅಂದ್ರ ಇನ್ನ ಎಷ್ಟು ದಿನಾ ಅದಾವ?" ಎಂದು ಕೇಳಿದರು. ಹದಿಮೂರು ಎಂದೆ. ಆ ಪ್ರಶ್ನೆಯನ್ನೂ ನಾನು ಸಂಶಯಿಸಿದೆ. ಆ ಸಂಜೆ ಟ್ರಂಕು ತೆಗೆದು ಗುಳಿಗೆಗಳನ್ನು ಎಣಿಸಿದೆ. ಲೆಕ್ಕ ಸರಿಯಿತ್ತು.

ಗೊತ್ತುಪಡಿಸಿದ ದಿನ ಮೂವರೂ ಹಾನಗಲ್ಲಕ್ಕೆ ಬಂದು, ಅಲ್ಲಿಂದ ಬಸ್ಸು ಬದಲಿಸಿ ಸವಣೂರಿಗೆ ಹೋದೆವು. ವೈದ್ಯೆಯವರು ಮಗಳನ್ನು ನೋಡಿ ರಕ್ತಕ್ಕೆ ಕಳಿಸಿದ ಮೇಲೆ, ಅತ್ತೆಯವರ ಕಡೆ ತಿರುಗಿ, "ನಿಮ್ಮ ಕುತ್ತಿಗಿ ಸ್ವಲ್ಪ ನೋಡಲೇನ್ರಿ ಅಮ್ಮಾರ?" ಎಂದರು. ನಾನು ಎದ್ದು ಹೊರಗೆ ಹೋಗಬೇಕೆಂದಿದ್ದೆ. "ಕುಂಡ್ರು," ಎಂದರು ಅತ್ತೆಯವರು. ಎರಡೂ ಕೈ ಹಿಂದೆ ಒಯ್ದು ಟೀಕಿಯ ದಾರವನ್ನು ತಾವೇ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಟೀಕಿ ಇದ್ದಷ್ಟು ಅಗಲಕ್ಕೆ ಚರ್ಮ ಬೆಳ್ಳಗಿತ್ತು, ಮಗುವಿನ ಚರ್ಮದಂತೆ. ಅದರ ನಡುವೆ ಅಡ್ಡಲಾಗಿ, ಹೊಲಿಗೆ ಹಾಕಿದ ತೆಳ್ಳನೆಯ ಗೆರೆ ಇತ್ತು.

ನಂತರ ದಾದಿ ಅದೇ ನಮೂನೆಯ ಕಾಗದ ತಂದು ನನ್ನ ಮುಂದೆ ಇಟ್ಟಳು. ಕಾಲಂ ಬಂದಾಗ ನನ್ನ ಪೆನ್ನು ನಿಂತಿತು.

"ಏನ ಕೇಳ್ಯಾರ ಅದರಾಗ?" ಎಂದರು ಅತ್ತೆಯವರು.

"ಮನ್ಯಾಗ ಯಾರಿಗರ ಐತೇನಂತ."

"ಬರಿ. ಅಜ್ಜಿಗೆ ಐತಿ. ಸೋದರತ್ತಿಗೆ ಐತಿ."

ನಾದಿನಿಯ ಕಾಯಿಲೆಯ ವಿಷಯ ಅವರಿಗೆ ಯಾರು ಹೇಳಿದರೆಂದು ನನಗೆ ತಿಳಿಯದು. ನಾನಂತೂ ಹೇಳಿರಲಿಲ್ಲ. ಬರೆದೆ.

"ಅಜ್ಜಿ ತಂಗಿಗೆ ಇತ್ತು ಅಂತಲೂ ಬರಿ."

ನಾನು ತಲೆಯೆತ್ತಿದೆ. ತೀರಿಹೋದ ಆ ತಂಗಿಯ ಹೆಸರನ್ನು ಮನೆಯಲ್ಲಿ ವರ್ಷಕ್ಕೊಮ್ಮೆ ಎಡೆ ಇಡುವಾಗ ಮಾತ್ರ ಹೇಳುತ್ತಿದ್ದರು.

"ನನ್ನ ಕುತ್ತಿಗಿ ನೋಡಿ ಆಕೀಗೆ ಎರಡು ಕಡಿಂದ ಬಂದವರು ತಿರುಗಿ ಬರಲಿಲ್ಲ," ಎಂದರು. "ಆಮ್ಯಾಲ ಆಕೀಗೂ ಹಂಗ ಮಂಕು ಹಿಡೀತು. ದವಾಖಾನಿಗೆ ಒಯ್ದ್ರ ಮಂದಿಗೆ ತಿಳೀತೈತಿ ಅಂತ ಒಯ್ಯಲಿಲ್ಲ. ನಾನರ ಗುಳಿಗಿ ಕೊಡಬಹುದಿತ್ತು. ನನ್ನ ಕಡೆ ಇದ್ದುವು. ಹೊಳೀಲಿಲ್ಲ."

ಕಾಲಂ ಚಿಕ್ಕದಿತ್ತು. ಮೂರನೆಯವರನ್ನು ಅಂಚಿನಲ್ಲಿ ಬರೆಯಬೇಕಾಯಿತು.

ವೈದ್ಯೆಯವರು ಕಾಗದ ಓದಿ, "ನಿಮ್ಮ ತವರಿನ ಕಡೆ?" ಎಂದು ಕೇಳಿದರು. ಇಲ್ಲ ಎಂಬ ಮಾತು ಬಾಯಿಗೆ ಬಂದೇಬಿಟ್ಟಿತ್ತು. ಅದನ್ನು ತಡೆದು, "ಕೇಳಿ ಹೇಳ್ತೇನ್ರಿ" ಎಂದೆ.

ಎರಡು ದಿನ ಬಿಟ್ಟು ವರದಿ ಬಂತು. ಎಚ್ ಅಕ್ಷರ ತನ್ನ ಜಾಗದಲ್ಲೇ ಇತ್ತು. ವಂಶದಲ್ಲಿ ಹರಿದುಬರುವ ಬಗೆಯ ಕಾಯಿಲೆಯೇ ಎಂದು ನೋಡುವ ಇನ್ನೊಂದು ಪರೀಕ್ಷೆಯೂ ಹೌದೆಂದಿತು. ಈಗ ಮಗಳಿಗೆ ಅವಳ ತೂಕಕ್ಕೆ ತಕ್ಕ ಗುಳಿಗೆ ಇದೆ, ಅವಳ ಹೆಸರು ಬರೆದ ಸೀಸೆಯಲ್ಲಿ. ಅಜ್ಜಿ ಮೊಮ್ಮಗಳು ದೇವರ ಕೋಣೆಯ ಬಾಗಿಲು ತೆರೆದಿಟ್ಟು, ಅವರವರದನ್ನು ಅವರವರು ನುಂಗುತ್ತಾರೆ. ಅಕ್ಕೋರು ಈಗ ಮಗಳು ತರಗತಿಯಲ್ಲಿ ಮಾತು ಹೆಚ್ಚು ಮಾಡುತ್ತಾಳೆಂದು ದೂರುತ್ತಾರೆ. ಅತ್ತೆಯವರು ಟೀಕಿಯನ್ನು ಪುನಃ ಕಟ್ಟಿದ್ದಾರೆ; ಬರಿಗೊರಳಿಗೆ ಗಾಳಿ ತಾಗಿದರೆ ಚಳಿಯಾಗುತ್ತದಂತೆ. ನಾನು ಈಗಲೂ ವಾರಕ್ಕೊಮ್ಮೆ ಎರಡೂ ಸೀಸೆಗಳ ಗುಳಿಗೆ ಎಣಿಸುತ್ತೇನೆ. ಅತ್ತೆಯವರಿಗೆ ಅದು ಗೊತ್ತು.

ತಾಯಿಗೆ ಫೋನು ಮಾಡಿ ವಿಚಾರಿಸಿದೆ. "ನಮ್ಮ ವಂಶದಾಗ ಇಲ್ಲಪಾ," ಎಂದರು, ನನ್ನ ಪ್ರಶ್ನೆ ಮುಗಿಯುವ ಮೊದಲೇ. ಅಷ್ಟು ಬೇಗ ಬಂದ ಉತ್ತರವನ್ನು ನಾನು ಒಪ್ಪಿಕೊಂಡಿಲ್ಲ. ಬರುವ ರಜೆಯಲ್ಲಿ ಹೋದಾಗ ಅವರನ್ನೂ ಹಿರೇಕೆರೂರಿಗೆ ಕರೆದೊಯ್ಯುವ ವಿಚಾರವಿದೆ. ಅವರಿಗೆ ಇನ್ನೂ ತಿಳಿಸಿಲ್ಲ.

ಹಾನಗಲ್ಲ, ಹಿರೇಕೆರೂರು, ಶಿಗ್ಗಾವಿಗಳಲ್ಲಿ ತುಂಬಿದ ಮೂರು ಕಾಗದಗಳ ನನ್ನ ಪ್ರತಿಗಳಲ್ಲಿ "ಇಲ್ಲ" ಎಂಬುದನ್ನು ಒಂದೇ ಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ ಮಾಡಿದ್ದೇನೆ. ಆ ಮೂರು ತಪ್ಪುಗಳು ನನ್ನ ಕಣ್ಣಿಗೇ ಬಿದ್ದವು. ಮೇಲಿನ ಬರಹದಲ್ಲಿ ನನಗೆ ಕಾಣದೆ ಉಳಿದಿರುವವು ತಮಗೆ ಕಂಡುಬಂದಲ್ಲಿ, ಸಂಕೋಚಪಡದೆ ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿ.